ಕೊಡೆಯ ಪಾಠ

ಈ ಬೀಳ್ಕೊಡುಗೆ ಸಭೆಯ ಅಧ್ಯಕ್ಷತೆ ವಹಿಸಿರುವ ನಮ್ಮ ಮುಖ್ಯೋಪಾಧ್ಯಾಯರಾದ ಝೇವಿಯರ್ ಅವರೇ, ಸಹೋದ್ಯೋಗಿಗಳೇ, ಹೆತ್ತವರೇ, ಗಲಾಟೆ ಮಾಡದೆ ಕೂತು ನನಗೆ ಆಶ್ಚರ್ಯ ಹುಟ್ಟಿಸಿರುವ ನನ್ನ ಮಕ್ಕಳೇ, ಎಲ್ಲ ಸಭಿಕರೇ,

ಈ ಅಹ್ಮದ್ ಬಾವ ಮಾಸ್ಟ್ರು ಜೀವನವಿಡೀ ಇಂಗ್ಲಿಷ್ ಕಲಿಸಿ ಇವತ್ತು ಕನ್ನಡದಲ್ಲಿ ಎಂತಕ್ಕೆ ಮಾತಾಡ್ತಾರೆ ಅಂತ ನಿಮಗೆ ಅನಿಸಬಹುದು. ಕಾರಣ ಆಮೇಲೆ ಹೇಳ್ತೇನೆ, ನೆನಪಿದ್ದರೆ.

ನಮ್ಮ ಈ ಶಕ್ತಿನಗರದ ಮಕ್ಕಳಿಗೆ ಇಂಗ್ಲಿಷ್ ಹತ್ತುವುದಿಲ್ಲ ಎನ್ನುವವರಿದ್ದಾರೆ. ಯಾರು ಹೇಳಿದ್ದು? ಮನೆಯಲ್ಲಿ ತುಳುವೋ ಬ್ಯಾರಿಯೋ, ಪಕ್ಕದ ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ ಮಾತಾಡುವ ಮಗುವಿಗೆ ಇನ್ನೊಂದು ಭಾಷೆ ಭಾರವಾಗ್ತದಾ? ತಪ್ಪಿದರೆ ಉಳಿದವರು ನಗ್ತಾರಲ್ಲ, ಆ ಹೆದರಿಕೆಗೆ ಬಾಯಿಯೇ ಬಿಡುವುದಿಲ್ಲ.

ಅದಕ್ಕೆ ನಾನೇ ತಪ್ಪಲಿಕ್ಕೆ ಶುರು ಮಾಡಿದೆ. ನನ್ನ ಕಪ್ಪು ಕೊಡೆ ಎತ್ತಿ ಹಿಡಿದು ಇಂಗ್ಲಿಷಿನಲ್ಲಿ ಅದು ಬಕೆಟ್ ಅಂತ ಹೇಳುವುದು. ಇಡೀ ಕ್ಲಾಸು 'ಅಂಬ್ರೆಲ್ಲಾ ಸರ್' ಅಂತ ಬೊಬ್ಬೆ ಹಾಕುವುದು. ಮಾಸ್ಟ್ರೇ ತಪ್ಪಿದ ಮೇಲೆ ಮಕ್ಕಳಿಗೆ ಎಂತ ನಾಚಿಕೆ? ಈಗ ದುಬೈಯಲ್ಲಿರುವ ಜಿತೇಶ್ ಒಂದು ವರ್ಷ ತುಟಿ ಬಿಚ್ಚಿರಲಿಲ್ಲ. ಮೊದಲ ಸಲ ಬಾಯಿ ಬಿಟ್ಟದ್ದು ನನ್ನನ್ನು ತಿದ್ದಲಿಕ್ಕೆ. ಒಮ್ಮೆ ಇನ್‌ಸ್ಪೆಕ್ಷನ್‌ಗೆ ಬಂದವರು 'ಈ ಮನುಷ್ಯನಿಗೆ ಇಂಗ್ಲಿಷ್ ಗೊತ್ತುಂಟಾ?' ಅಂತ ಕೇಳಿದ್ದರಂತೆ.

ಗಂಟುನೋವು ಅಂತ ಹೇಳಿ ಎರಡು ವರ್ಷ ಮೊದಲೇ ನಿವೃತ್ತಿ ತೆಗೆದುಕೊಂಡಿದ್ದೇನೆ. ಗಂಟುನೋವು ಇರುವುದು ಹೌದು. ಆದರೆ ಕಳೆದ ಮಳೆಗಾಲದಲ್ಲಿ ಒಂದು ದಿನ ಎಂದಿನಂತೆ ಕೊಡೆ ಎತ್ತಿದೆ. ಬೇಕೆಂದೇ ತಪ್ಪು ಹೇಳಬೇಕಾದರೂ ಸರಿಯಾದದ್ದು ಗೊತ್ತಿರಬೇಕಲ್ಲ? ಅದು ಬರಲಿಲ್ಲ. ಇಂಗ್ಲಿಷಿನಲ್ಲಿ ಬರಲಿಲ್ಲ, ಕನ್ನಡದಲ್ಲಿ ಬರಲಿಲ್ಲ, ನನ್ನ ಉಮ್ಮ ಕಲಿಸಿದ ಬ್ಯಾರಿಯಲ್ಲೂ ಬರಲಿಲ್ಲ. ಮಕ್ಕಳು 'ಅಂಬ್ರೆಲ್ಲಾ' ಅಂತ ಕೂಗಿದರು, ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಕೊಡೆಯನ್ನು ಮೆಲ್ಲ ಮೇಜಿನ ಕೆಳಗೆ ಇಟ್ಟೆ.

ಆಮೇಲೆ ಬೋರ್ಡು ಹೋಯಿತು, ಕಿಟಕಿ ಹೋಯಿತು. ನಾನು ಆಟ ಆಡ್ತಿದ್ದೇನೆ ಅಂತ ತಿಳಿದು ಈ ಮಕ್ಕಳು ಒಂದೊಂದೇ ಹೆಸರು ಕೂಗಿ ಹೇಳಿ ನನ್ನನ್ನು ಇಲ್ಲಿಯವರೆಗೆ ದಾಟಿಸಿದರು.

ಇದನ್ನೆಲ್ಲ ಹೇಳಬೇಕು ಅಂತ ಇರಲಿಲ್ಲ ಮಾರಾಯ್ರೆ. ನನ್ನ ಹೆಂಡತಿ ಫರ್ಝಾನಾ, ಅಲ್ಲಿ ಎದುರು ಕೂತಿದ್ದಾಳೆ, 'ಚೀಟಿಯಲ್ಲಿ ಬರ್ಕೊಂಡು ಹೋಗಿ' ಅಂದಿದ್ದಳು. ನನ್ನ ಕ್ಲಾಸಿನಲ್ಲಿ ಚೀಟಿ ನೋಡಿ ಮಾತಾಡುವ ಹಾಗೇ ಇಲ್ಲ. ಮಕ್ಕಳ ಎದುರು ನಾನೇ ಚೀಟಿ ಹಿಡಿದು ನಿಲ್ಲುವುದು ಹೇಗೆ? ಇಂಗ್ಲಿಷ್ ಈಗ ಅರ್ಧ ದಾರಿಯಲ್ಲಿ ಕೈ ಬಿಡ್ತದೆ, ಅದಕ್ಕೇ ಕನ್ನಡ. ನೋಡಿ, ಕಾರಣ ನೆನಪಿತ್ತು.

ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ ನಿಮಗೆಲ್ಲ ಕೃತಜ್ಞತೆಗಳು. ಈ ಸಭೆ ಏರ್ಪಡಿಸಿದ ನಮ್ಮ ಮುಖ್ಯೋಪಾಧ್ಯಾಯರಾದ... ನಮ್ಮ ಮುಖ್ಯೋಪಾಧ್ಯಾಯರು, ಇವರು, ಇಲ್ಲೇ ಕೂತಿದ್ದಾರಲ್ಲ...

ಹೇಳಿ ಮಕ್ಕಳೇ, ಇವರ ಹೆಸರೆಂತ?

ಯಾಕೆ ಸುಮ್ಮನಿದ್ದೀರಿ? ದಿನಾ ಬೊಬ್ಬೆ ಹಾಕುವವರಲ್ವಾ ನೀವು? ಕೂಗಿ. ನಗಿ ಮಕ್ಕಳೇ. ನೀವು ನಗದಿದ್ದರೆ ನನಗೆ ಹೆದರಿಕೆ ಆಗ್ತದೆ.

ನಮಸ್ಕಾರ.