ಲಿಯಾವ್ ಮೇಸ್ತ್ರಿಯ ಮೂಗು

…ಅಲ್ಲಿ ಬೇಡ, ಅಲ್ಲಿ ಬೇಡ! ಆ ಕುರ್ಚಿ ಗಿರಾಕಿಗಳದ್ದು. ಈ ಸ್ಟೂಲು ಎಳ್ಕೊ. ಹಾಂ. ಬೆನ್ನು ನೇರ ಇಟ್ಕೊಂಡು ಕೂತ್ಕೊ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನಮಗೆ ಎಲ್ಲಕ್ಕಿಂತ ಮೊದಲು ಕಲಿಸಿದ್ದೇ ಅದು. ನಿನಗೆ ಯಾರು ಕಲಿಸಬೇಕಿತ್ತು, ಬಿಡು.

ಏನು ಹೇಳ್ತಿದ್ದೆ? ಹಾಂ… ಇದು ಯಾರ ಅಂಗಡಿ ಅಂತ. ನೀನು ಮರೆತಿರ್ತೀಯ, ಅದಕ್ಕೇ ಹೇಳ್ತಿರೋದು. ನಮ್ಮ ಮುತ್ತಾತ ಚೀನಾದ ಆನ್‌ಶಿ ಬೆಟ್ಟದಿಂದ ಎರಡೇ ಎರಡು ಪೆಟ್ಟಿಗೆ ಚಹಾ ಹೊತ್ತುಕೊಂಡು ಪೆನಾಂಗಿನಲ್ಲಿ ಹಡಗಿಳಿದಾಗ ಈ ಬೀದಿಗೆ ಹೆಸರೇ ಇರಲಿಲ್ಲ. ನಮ್ಮ ತಾತ, ಊನ್ ಕೆಂಗ್ ಹಿನ್ ಅಂತ ಅವರ ಹೆಸರು, ದೇವಸ್ಥಾನದ ಸಮಿತಿಯಲ್ಲಿ ಇಪ್ಪತ್ತೆರಡು ವರ್ಷ ಇದ್ದರು. ಅವರು ತೀರಿಕೊಂಡ ದಿನ ಈ ಬೀದಿಯ ಒಂದೊಂದು ಅಂಗಡಿಯೂ ಅರ್ಧ ಬಾಗಿಲು ಎಳೆದಿತ್ತು. ಊನ್ ಮನೆಯ ಡಬ್ಬಿ ಅಂದ್ರೆ ಮುಚ್ಚಳ ತೆಗೆದು ನೋಡೋದೇ ಬೇಡ ಅಂತಿದ್ರು ಜನ. ನಾಲ್ಕು ತಲೆಮಾರು! ನಮ್ಮ ಮನೆಯವರು ಯಾರೂ ಕೋರ್ಟು ಕಟ್ಟೆ ಹತ್ತಿಲ್ಲ, ಯಾರೂ ಯಾರ ಮೇಲೂ ಸುಳ್ಳು ಹೇಳಿಲ್ಲ…

ಯಾಕೆ ನಗ್ತೀಯ?

ನಕ್ಕಿಲ್ಲವಾ? ಸರಿ. ನನ್ನ ಕಣ್ಣಿಗೆ ಹಾಗೆ ಕಂಡಿತು.

ನೋಡು ಗೆಕ್, ಸುತ್ತಿ ಬಳಸಿ ಮಾತಾಡೋದು ನನಗೆ ಬರೋದಿಲ್ಲ. ನಿಮ್ಮಪ್ಪ ಹೋಗಿ ನಲವತ್ತೊಂಬತ್ತು ದಿನ ಆಯ್ತು. ಲಿಯಾವ್ ಮೇಸ್ತ್ರಿ ಹೋದ, ಚಹಾ ಹದ ಮಾಡೋ ನಮ್ಮ ಕೆಂಡದ ಕೋಣೆಯೂ ಹೋಯ್ತು. ಈಪೋ ಊರಿನಿಂದ ಒಬ್ಬನನ್ನು ಕರೆಸಿದೆ, ಚಹಾ ಸುಟ್ಟು ಇದ್ದಿಲು ಮಾಡಿಟ್ಟ. ಇನ್ನೊಬ್ಬ ಬಂದ, ಅವನು ಕೆಂಡಕ್ಕೆ ಬೂದಿ ಹೊದಿಸೋದನ್ನೇ ಕಲಿತಿಲ್ಲ, ಎಲೆ ಹಸಿ ಹಸಿ! ಮುದುಕ ಗಿರಾಕಿಗಳು ಡಬ್ಬಿ ತಂದು ಈ ಕಟ್ಟೆ ಮೇಲೆ ಇಟ್ಟು ಮಾತಾಡದೆ ಹೋಗ್ತಾರೆ. ಬೈದಿದ್ರೂ ತಡ್ಕೋತಿದ್ದೆ. ಹದಿನೈದನೇ ತಾರೀಖು ಆನ್‌ಶಿ ಸಂಘದಲ್ಲಿ ಪಿತೃಪೂಜೆ. ಎಪ್ಪತ್ತು ವರ್ಷದಿಂದ ಅಲ್ಲಿ ಹಿರಿಯರ ಮುಂದೆ ಇಡೋದು ನಮ್ಮ ಚಹಾ. ಈ ಸಲ ಹದ ತಪ್ಪಿದ್ರೆ ಎದುರುಗಡೆ ಇದ್ದಾನಲ್ಲ, ಆ ಕ್ಯಾಂಟನೀಸ್‌ನವನು, ಅವನ ಹತ್ತಿರ ತಗೋತಾರೆ. ಆಮೇಲೆ ಈ ಫಲಕ ಇಳಿಸಿ ಒಲೆಗೆ ಹಾಕಬೇಕು, ಅಷ್ಟೇ.

ನಿನಗೆ ಬರುತ್ತೆ. ಬರೋದಿಲ್ಲ ಅನ್ನಬೇಡ. ಏಳು ವರ್ಷದವಳಿದ್ದಾಗಿನಿಂದ ನಿಮ್ಮಪ್ಪ ನಿನ್ನ ಅಂಗೈ ಹಿಂಭಾಗವನ್ನು ಬುಟ್ಟಿಗೆ ಒತ್ತಿ ಶಾಖ ಕಲಿಸ್ತಿದ್ದ, ನಾನು ಮೆಟ್ಟಿಲ ಮೇಲೆ ಕೂತು ನೋಡಿದ್ದೀನಿ. ಅದಕ್ಕೇ ರಬ್ಬರ್ ಎಸ್ಟೇಟಿಗೆ ಜನ ಕಳಿಸಿ ನಿನ್ನ ಹುಡುಕಿಸಿದೆ. ಎರಡೇ ದಿನದಲ್ಲಿ ಸಿಕ್ಕಿಬಿಟ್ಟೆ. ಕೂಲಿಗಳಿಗೆ ಅಡುಗೆ ಮಾಡ್ತಿದ್ದೀಯಂತೆ. ಅಯ್ಯೋ, ನಿನ್ನ ಕೈ ನೋಡು! ಬೆಳ್ಳುಳ್ಳಿ ವಾಸನೆ ಇಲ್ಲಿವರೆಗೂ ಬರ್ತಿದೆ. ಮೂರು ದಿನ ಅಕ್ಕಿ ತೊಳೆದ ನೀರಲ್ಲಿ ತಿಕ್ಕಿ ತೊಳಿ, ಆಮೇಲೆ ಒಳಗೆ ಕಾಲಿಡು.

ಏನು?

ಹಾಂ, ಎರಡು ದಿನ. ಹೇಳಿದೆನಲ್ಲ. ಯಾಕೆ ಹಾಗೆ…

ಓ! ಅದಾ. ನಿಮ್ಮಪ್ಪ ಹಾಸಿಗೆ ಹಿಡಿದಾಗ ಜನ ಕಳಿಸಿದ್ದೆ, ಎಸ್ಟೇಟು ಸಿಗಲಿಲ್ಲ. ಹಾಗಂತ ಅವನಿಗೂ ಹೇಳಿದೆ. "ಅಮ್ಮಣ್ಣಿ, ಒಂದು ಸಲ ಗೆಕ್‌ನ ಕರೆಸಿ" ಅಂದ. ಮೂರು ಸಲ ಅಂದ. ಆಗ ಸಿಗಲಿಲ್ಲ. ಈಗ ಸಿಕ್ಕಿತು. ರಸ್ತೆ ಈಗ ಒಳ್ಳೇದಾಗಿದೆ… ನನ್ನ ಮುಖ ಯಾಕೆ ನೋಡ್ತೀಯ? ನೆಲ ನೋಡು. ಮೊದಲು ನೆಲ ನೋಡ್ತಿದ್ದೆ, ಅದೇ ಚೆಂದ ಇತ್ತು.

ವಿಷಯಕ್ಕೆ ಬರ್ತೀನಿ. ಕೆಂಡದ ಕೋಣೆ ಬೀಗದ ಕೈ ನಿನಗೆ ಕೊಡೋಕೆ ಮೊದಲು ಆ ಹಳೇ ಲೆಕ್ಕ ಮುಗೀಬೇಕು. ಕ್ರಮ ನಿನಗೆ ಗೊತ್ತು. ತಪ್ಪು ಮಾಡಿದವರು ಮಂಡಿಯೂರಿ ಎರಡು ಕೈಯಲ್ಲಿ ಚಹಾ ಕೊಡಬೇಕು, ಬಾಯಿಬಿಟ್ಟು ತಪ್ಪು ಒಪ್ಕೋಬೇಕು. ದೊಡ್ಡವರು ಕುಡಿದ್ರೆ ಮುಗೀತು. ಅವತ್ತು ನೀನು ಮಂಡಿ ಊರಿದೆ, ಚಹಾ ಹಿಡಿದೆ, ಆದ್ರೆ ಬಾಯಿಬಿಡಲಿಲ್ಲ. ಒಂದು ಮಾತಿಲ್ಲ! ಚಹಾ ಎಲೆಯಿಂದ ಕಡ್ಡಿ ಆರಿಸೋ ಅಷ್ಟು ಜನ ಹೆಂಗಸರು ಮೊರ ಹಿಡ್ಕೊಂಡು ನೋಡ್ತಾ ನಿಂತಿದ್ರು. ನಮ್ಮಪ್ಪ ಕಾದ್ರು, ಕಾದ್ರು… ಆಮೇಲೆ ಬಟ್ಟಲು ತಗೊಂಡು ನಿನ್ನ ಮುಂದೆ ನೆಲಕ್ಕೆ ಸುರಿದ್ರು. ಸತ್ತವರಿಗೆ ಸುರಿಯೋ ಹಾಗೆ. ಅವತ್ತೇ ನಿನ್ನ ಹೊಸ್ತಿಲ ಆಚೆ ಕಳಿಸಿದ್ರು. ಸರಿಯಾಗೇ ಮಾಡಿದ್ರು. ಇವತ್ತು ನೀನು ಹೇಳು, ನಾನು ಕುಡೀತೀನಿ. ಅಪ್ಪನಿಗಿಂತ ನಾನು ಮೆದು.

ಏನು ತಪ್ಪು ಅಂತಲಾ? ಹೊಸಬಳ ಹಾಗೆ ಆಡಬೇಡ, ಗೆಕ್.

ಸರಿ, ನಾನೇ ಹೇಳ್ತೀನಿ. ಸಾವಿರದ ಒಂಬೈನೂರ ಮೂವತ್ತೆಂಟು. ಅಮೋಯ್ ಬಂದರು ಜಪಾನಿಯರ ಕೈಗೆ ಹೋಗೋಕೆ ಮುಂಚೆ ಬಂದ ಕೊನೇ ಹಡಗು. ಅದರಲ್ಲಿ ನಮ್ಮ ಬೆಟ್ಟದ ಚಹಾ. ಇನ್ನು ಎಷ್ಟು ವರ್ಷ ಬರಲ್ಲವೋ ಅಂತ ಎಲ್ಲರಿಗೂ ಗೊತ್ತಿತ್ತು. ಹದಿನಾರು ಬುಟ್ಟಿ ಬೂದಿ ಹೊದ್ದ ಕೆಂಡದ ಮೇಲೆ ಕೂತಿತ್ತು. ಚಹಾ ಎಂಥಾದ್ದು ಅಂತ ನಿನಗೆ ಹೇಳಬೇಕಾಗಿಲ್ಲ, ಪಕ್ಕದಲ್ಲಿ ಏನಿದ್ರೆ ಅದರ ವಾಸನೆ ಕುಡಿದುಬಿಡುತ್ತೆ. ತಲೆಗೆ ಎಣ್ಣೆ ಹಚ್ಚಿದವರು, ಮುಖಕ್ಕೆ ಪೌಡರ್ ಹಾಕಿದವರು ಆ ಕೋಣೆಯ ಹೊಸ್ತಿಲು ದಾಟಬಾರದು. ನಿನಗೆ ಹದಿನೇಳು. ಶೋಕಿ ಬಂದಿತ್ತು. ತೆಂಗಿನೆಣ್ಣೆ ಹಚ್ಚಿ ಒಳಗೆ ಹೋದೆ, ಬುಟ್ಟಿ ಮೇಲೆ ಬಗ್ಗಿದೆ. ಹದಿನಾರೂ ಕೆಟ್ಟವು. ಅದು ತಪ್ಪು.

ತಲೆ ಆಡಿಸಬೇಡ! ಇದು ನಾನು ಹೇಳೋದಲ್ಲ, ನಿಮ್ಮಪ್ಪನೇ ಹೇಳಿದ್ದು. ಹೆತ್ತ ಅಪ್ಪ! ಮಗಳ ಮೇಲೆ ಅವನು ಸುಳ್ಳು ಹೇಳ್ತಾನಾ? ಈ ಪೆನಾಂಗಿನಲ್ಲಿ ಅಂಥಾ ಮೂಗು ಇನ್ನೊಂದಿರಲಿಲ್ಲ. ಒಂದು ಸಲ ಮೊಳೆ ಕೀಳದ ಪೆಟ್ಟಿಗೆ ಹತ್ತಿರ ನಿಂತು "ಧಣಿ, ಇದು ಹಡಗಿನಲ್ಲಿ ಒಣಮೀನಿನ ಪಕ್ಕ ಇತ್ತು, ಪಕ್ಕ ಅಂದ್ರೆ ಮೂರು ಪೆಟ್ಟಿಗೆ ಆಚೆ" ಅಂದ. ವಿಚಾರಿಸಿದ್ರೆ ಹಾಗೇ ಇತ್ತು. ಎಲೆ ಬೆಟ್ಟದ ಬಿಸಿಲು ಕಡೆಯದಾ ನೆರಳು ಕಡೆಯದಾ, ಹೇಳ್ತಿದ್ದ. ನನಗೆ ನೆಗಡಿ ಬರುತ್ತೆ ಅಂತ ನನಗಿಂತ ಒಂದು ದಿನ ಮೊದಲು ಹೇಳ್ತಿದ್ದ! ಅಂಥಾ ಮನುಷ್ಯ ಅವತ್ತು ಬುಟ್ಟಿ ಮೇಲೆ ಬಗ್ಗಿದ. ಒಂದೇ ಉಸಿರು. ಎದ್ದು ನಿಂತ. ನನ್ನ ನೋಡಿದ. ಆಮೇಲೆ ನಿನ್ನ ನೋಡಿದ. "ಎಣ್ಣೆ, ಧಣಿ. ನನ್ನ ಹುಡುಗಿಯ ತಲೆಯೆಣ್ಣೆ" ಅಂದ. ನಿನ್ನ ಕೆನ್ನೆಗೆ ಹೊಡೆದ. ಅಷ್ಟು ಜನರ ಮುಂದೆ, ಎರಡು ಏಟು…

ಏನು?

ಹಾಂ, ಮೊದಲು ನನ್ನ ನೋಡಿದ. ನೋಡಿದ್ರೆ ಏನಾಯ್ತು? ನಾನು ಬಾಗಿಲಲ್ಲೇ ನಿಂತಿದ್ದೆ, ಕಣ್ಣಿಗೆ ಬಿದ್ದೆ.

ಬಾಗಿಲಲ್ಲಿ ಯಾಕೆ ನಿಂತಿದ್ದೆ ಅಂದ್ರೆ… ನಿಲ್ಲಬಾರದಾ? ನನ್ನ ಮನೆ! ನನ್ನ ಮನೆ ಬಾಗಿಲು!

ಗೆಕ್, ಹೀಗೆ ಕಲ್ಲಿನ ಹಾಗೆ ಕೂತ್ಕೋಬೇಡ. ಉತ್ತರ ಕೊಡೋದು ಸಭ್ಯತೆ. ಎಣ್ಣೆ ಹಚ್ಚಿರಲಿಲ್ಲ ಅಂತೀಯಾ? ಹಾಗಾದ್ರೆ ಬಾಯಿಬಿಟ್ಟು ಅನ್ನು! ನಿನ್ನ ಜಡೆ ಕತ್ತರಿಸಿದ್ದು ನಾನು. ನೆನಪಿದೆ ತಾನೆ? ಅಪ್ಪ ಕತ್ತರಿ ನನ್ನ ಕೈಗೇ ಕೊಟ್ರು. ಸೊಂಟದವರೆಗಿನ ಜಡೆ, ದಪ್ಪ, ಒಂದೇ ಸಲಕ್ಕೆ ಬರಲಿಲ್ಲ, ನಾಲ್ಕು ಸಲ ಹಾಕಿದೆ. ನೀನು ಕುತ್ತಿಗೆ ಬಗ್ಗಿಸಿ ಕೊಟ್ಟೆ, ಕುರಿ ಹಾಗೆ. ಈ ಕೈಯಲ್ಲಿ ಹಿಡಿದಿದ್ದೆ ಆ ಜಡೆನ. ಈ ಕೈಯಲ್ಲಿ. ಎಣ್ಣೆ ಇದ್ದಿದ್ರೆ… ಇದ್ದಿದ್ರೆ ಕೈಗೆ ಅಂಟಬೇಕಿತ್ತು.

ಅಂಟಲಿಲ್ಲ.

ಒಣಗಿತ್ತು. ಹುಲ್ಲಿನ ಹಾಗೆ ಒಣಗಿತ್ತು. ಇದ್ದಿಲು ಧೂಳು ಬಿಟ್ರೆ ಏನೂ ಇರಲಿಲ್ಲ.

ಸಾಕು, ಹಾಗೆ ನೋಡಬೇಡ. ಸಣ್ಣ ವಿಷಯ ಅದು. ಆ ವಯಸ್ಸಿಗೆ ಎಷ್ಟು ಸಣ್ಣ ವಿಷಯ… ಮಾರನೇ ದಿನ ನನ್ನ ನೋಡೋಕೆ ಗಂಡಿನ ಕಡೆಯವರು ಬರೋರಿದ್ರು. ನಿನಗೂ ಗೊತ್ತಿತ್ತು. ತಿಂಡಿ ತಟ್ಟೆ ಒರೆಸ್ತಿದ್ದೆಯಲ್ಲ ನೀನೇ. ಮೂರು ದಿನದ ಮಳೆ. ಅಮ್ಮನ ಕರ್ಪೂರದ ಮರದ ಪೆಟ್ಟಿಗೆಯಿಂದ ಆ ತಿಳಿಗುಲಾಬಿ ರೇಷ್ಮೆ ನಿಲುವಂಗಿ ತೆಗೆದ್ರೆ ತೇವ, ಮುಗ್ಗಲು, ಕಾಲರ್ ಬಗ್ಗಿಹೋಗಿದೆ. ಇಸ್ತ್ರಿ ಇಟ್ರೆ ರೇಷ್ಮೆ ಸುಡುತ್ತೆ. ಇಡೀ ಮನೆಯಲ್ಲಿ ಒಣಗಿದ, ಬೆಚ್ಚಗಿನ ಜಾಗ ಅಂದ್ರೆ ಒಂದೇ. ಸಂಜೆ ನಿಮ್ಮಪ್ಪ ಊಟಕ್ಕೆ ಹೋದಾಗ ಬುಟ್ಟಿಗಳ ಮುಚ್ಚಳದ ಮೇಲೆ ಹರಡಿ ಬಂದೆ. ಒಂದು ಗಳಿಗೆಗೆ ಅಂತ. ಆಣೆ! ಒಂದೇ ಗಳಿಗೆಗೆ. ಆಮೇಲೆ ಅಮ್ಮ ಕರೆದು ಕೂದಲು ಸುರುಳಿ ಮಾಡೋಕೆ ಕೂರಿಸಿದ್ಲು… ಮರೆತೆ.

ಬೆಳಿಗ್ಗೆ ನೆನಪಾಗಿ ಓಡಿ ಬಂದ್ರೆ, ಮೆಟ್ಟಿಲ ಹತ್ತಿರ ನೀನು. ಎರಡೂ ಕೈ ಮೇಲೆ ನಿಲುವಂಗಿ, ಅಂಗಡಿಯಲ್ಲಿ ಮಡಿಸೋ ಹಾಗೆ ನೀಟಾಗಿ ಮಡಿಸಿ. "ಒಣಗಿದೆ, ಅಮ್ಮಣ್ಣಿ" ಅಂದೆ. ಅಷ್ಟೇ ಅಂದೆ. ಕರ್ಪೂರದ ವಾಸನೆ ಇಡೀ ಮೊಗಸಾಲೆಗೆ ಬರ್ತಿತ್ತು.

ತೆಂಗಿನೆಣ್ಣೆಯಂತೆ! ಮೂರು ಪೆಟ್ಟಿಗೆ ಆಚೆಯ ಒಣಮೀನು ಹಿಡಿದವನಿಗೆ ಕರ್ಪೂರ ಗೊತ್ತಾಗಲಿಲ್ಲವಾ?

ಗೊತ್ತಾಯ್ತು. ನನಗೂ ಗೊತ್ತು, ಅವನಿಗೆ ಗೊತ್ತಾಯ್ತು. ನನ್ನ ನೋಡಿದನಲ್ಲ, ಆ ನೋಟದಲ್ಲೇ… ಅವನು ಬಾಯಿಬಿಟ್ಟಿದ್ರೆ ಅಪ್ಪ ಅವತ್ತೇ ಸಂಬಂಧ ಮುರಿದು ನನ್ನನ್ನ ಮಲಕ್ಕಾದ ಸೋದರತ್ತೆ ಮನೆಗೆ ಅಟ್ಟುತ್ತಿದ್ರು. ಗಂಡಿನ ಮನೆಯವರು ಹೊರಗೆ ರಿಕ್ಷಾ ಇಳೀತಿದ್ರು! ಒಳಗೆ ನಿನ್ನ ಜಡೆ ನೆಲದ ಮೇಲೆ, ಹೊರಗೆ ಅವರು. ಗುಡಿಸೋಕೂ ಹೊತ್ತಿರಲಿಲ್ಲ. ನಾನು ಅದೇ ನಿಲುವಂಗಿ ಹಾಕ್ಕೊಂಡು ಅವರಿಗೆ ಚಹಾ ಕೊಟ್ಟೆ. ಗಂಡಿನ ತಾಯಿ "ಎಂಥಾ ಸುವಾಸನೆ" ಅಂದ್ರು.

ನಿಮ್ಮಪ್ಪ ಒಂದು ದಿನವೂ ಅದರ ಬಗ್ಗೆ ಮಾತಾಡಲಿಲ್ಲ. ಮೂವತ್ತೊಂದು ವರ್ಷ! ಪ್ರತಿ ಹದ ಇಳಿದಾಗ ಮೊದಲನೇ ಬಟ್ಟಲು ತಂದು ನನ್ನ ಮುಂದೆ ಇಡ್ತಿದ್ದ. "ಸರಿ ಇದೆಯಾ, ಅಮ್ಮಣ್ಣಿ?" ಅಂತ ಕೇಳ್ತಿದ್ದ, ಗೋಡೆ ನೋಡ್ಕೊಂಡು. ಅವನೇ ಹದ ಮಾಡಿದ ಚಹಾನ ನನ್ನ ಕೇಳೋದು! ಒಂದೊಂದು ಬಟ್ಟಲೂ ನನಗೆ ಕರ್ಪೂರ ಕರ್ಪೂರ… ಕುಡಿದು "ಸರಿ ಇದೆ" ಅಂತಿದ್ದೆ. ಕೊನೆಗಾಲದಲ್ಲಿ ನಿನ್ನ ಕರೆಸು ಅಂದಾಗ ಹೇಗೆ ಕರೆಸಲಿ? ಅವನು ನಿನ್ನ ಮುಂದೆ ಬಾಯಿಬಿಟ್ಟಿದ್ರೆ? ಕೆಲಸದವರೆಲ್ಲ ಹಾಸಿಗೆ ಸುತ್ತ ಇದ್ರು. ಎಸ್ಟೇಟು ಸಿಗಲಿಲ್ಲ ಅಂದೆ. "ಸಿಗೋದಿಲ್ಲ ಬಿಡಿ" ಅಂದ. ಗೋಡೆ ಕಡೆ ತಿರುಗಿದ. ನಾಲ್ಕು ದಿನ ಹಾಗೇ ಇದ್ದ.

ಅಳ್ತಿದ್ದೀಯಾ? ಇಲ್ಲ. ನೀನು ಅಳೋದೂ ಇಲ್ಲ. ಅದೇ ನನಗೆ… ಅದೇ ನಿನ್ನ ಕೆಟ್ಟತನ, ಗೆಕ್! ನೀನು ಹೇಳಬಹುದಿತ್ತು. ಮಂಡಿ ಊರಿದಾಗ ಅಪ್ಪ ಅಷ್ಟು ಹೊತ್ತು ಕಾದ್ರು, ಅದಕ್ಕೇ ಕಾದದ್ದು. ಒಂದು ಮಾತು. "ನಿಲುವಂಗಿ" ಅನ್ನಬೇಕಿತ್ತು. ಅಂದಿದ್ರೆ ನನಗೆ ಏಟು ಬೀಳ್ತಿತ್ತು, ಸಂಬಂಧ ಹೋಗ್ತಿತ್ತು, ಅಲ್ಲಿಗೆ ಮುಗೀತಿತ್ತು. ನೀನು ಸುಮ್ಮನಿದ್ದೆ. ದೊಡ್ಡ ಮನಸ್ಸಿನವಳು! ಎಲ್ಲೋ ಕೂಲಿಗಳಿಗೆ ಗಂಜಿ ಬಡಿಸ್ತಾ ಸುಮ್ಮನೆ ಇದ್ದೆ, ನಾನು ಇಲ್ಲಿ ಪ್ರತಿ ಬೆಳಿಗ್ಗೆ ಬಾಗಿಲು ತೆಗೆಯುವಾಗ ಎದುರಿಗೆ ನೀನು ನಿಂತಿರ್ತೀಯೇನೋ ಅಂತ… ಮೂವತ್ತೊಂದು ವರ್ಷ! ಒಂದು ದಿನವೂ ನೀನು ಬರಲಿಲ್ಲ. ಬಂದು ಬೈದಿದ್ರೆ ಪೊಲೀಸರನ್ನಾದ್ರೂ ಕರೀತಿದ್ದೆ.

ಎಲ್ಲಿಗೆ? ಎದ್ದೇಳಬೇಡ. ನಾನು ಮಾತು ಮುಗಿಸಿಲ್ಲ. ಬಾಗಿಲು ಬಿಡು, ಗೆಕ್! ಹದಿನೈದನೇ ತಾರೀಖು… ಸಂಘದವರಿಗೆ ನಾನು ಮಾತು ಕೊಟ್ಟಿದ್ದೀನಿ… ಬೀಗದ ಕೈ ಇಗೋ, ತಗೋ. ಬೇಡವಾ? ಬೇಡವಾ ನಿನಗೆ? ನಿಮ್ಮಪ್ಪನ ಕೋಣೆ!

ಸರಿ. ಎಣ್ಣೆ ವಿಷಯ ಬಿಟ್ಟೆ. ಅದನ್ನು ಕೇಳೋದಿಲ್ಲ ನಾನು. ಆದ್ರೆ ಸುಮ್ಮನಿದ್ದದ್ದಕ್ಕೆ ನೀನು ನನಗೆ ಸಾಲ ಇದ್ದೀಯ. ನನ್ನ ಇಡೀ ಬಾಳು ತಿಂದಿದ್ದು ನಿನ್ನ ಮುಚ್ಚಿದ ಬಾಯಿ. ಊನ್ ಮನೆಯ ಹೊಸ್ತಿಲು ಹೀಗೇ ದಾಟೋಕೆ ನಾನು ಬಿಡೋದಿಲ್ಲ. ತಿರುಗು ಈ ಕಡೆ. ನನ್ನ ಮುಖ ನೋಡು.

ಕ್ಷಮೆ ಕೇಳು.