ದರ್ಜಿ ಕಂಡ ದಾರದ ತುದಿ

ಅಂಗೈಯ ಪಟ್ಟಿ ಬದಲಿಸಲು ಡ್ರೆಸ್ಸಿಂಗ್ ಕೋಣೆಯ ಮುಂದೆ ಕಾದು ಕುಳಿತಿದ್ದ ಬಡಗಿಗೆ ಕೈಯಲ್ಲಿನ ಪತ್ರಿಕೆ ಬರೀ ನೆಪ, ಕಿವಿಯೆಲ್ಲ ಪಕ್ಕದ ಬೆಂಚಿನ ಮೇಲೆ. ಅಲ್ಲಿ ಕೂತಿದ್ದವರು ಒಬ್ಬ ದರ್ಜಿ, ಅವನ ಹೆಂಡತಿ. ಸಕ್ಕರೆ ಕಾಯಿಲೆಯಿಂದ ಮುಂದೊಗಲು ಬಿಗಿದು, ಅರವತ್ತು ದಾಟಿದ ಮೇಲೆ ದರ್ಜಿ ಸುನ್ನತಿ ಮಾಡಿಸಿಕೊಂಡು ಇವತ್ತಿಗೆ ಐದು ದಿನ, ಈಗ ಗಾಯದಿಂದ ರಕ್ತ ಬಂದಿದೆ ಎಂಬಷ್ಟು ಬಡಗಿಗೆ ಆಗಲೇ ಗೊತ್ತಾಗಿತ್ತು. ಟ್ರೇ ಹಿಡಿದ ನರ್ಸ್ ಹೊರಗೆ ಬಂದಳು.

“ಮೊನ್ನೆ ಚೆನ್ನಾಗಿ ಒಣಗ್ತಿತ್ತಲ್ಲ ಯಜಮಾನ್ರೇ, ರಕ್ತ ಯಾಕೆ ಬಂತು?”

“ಅದೇ ತಿಳೀತಿಲ್ಲ ಸಿಸ್ಟರ್.”

“ಮುಲಾಮು ಹಚ್ಚಿದ್ರಾ?”

“ಎರಡು ಹೊತ್ತೂ.”

“ಸಡಿಲವಾದ ಬಟ್ಟೆ?”

“ನಾನೇ ಹೊಲ್ಕೊಂಡೆ.”

“ನಿಜ ಹೇಳ್ರೀ,” ಎಂದಳು ಹೆಂಡತಿ.

ದರ್ಜಿ ಗಂಟಲು ಸರಿಮಾಡಿಕೊಂಡ. “ಒಂದು ದಾರದ ತುದಿ ಇಣುಕ್ತಾ ಇತ್ತು. ನಲವತ್ತು ವರ್ಷದಿಂದ ಅಂಥದ್ದನ್ನ ಕಂಡು ಈ ಕೈ ಸುಮ್ನಿದ್ದಿಲ್ಲ. ಸ್ವಲ್ಪ ಎಳೆದು ಕತ್ತರಿಸಿದೆ.”

“ಅಯ್ಯೋ, ಗಂಟೇ ಕಳಚಿರುತ್ತೆ! ಅದು ತಾನಾಗೇ ಕರಗೋ ದಾರ. ಅದರ ತಂಟೆಗೇ ಹೋಗಬಾರದು.”

“ಕರಗುತ್ತಾ? ಕರಗೋ ದಾರದಲ್ಲಿ ಯಾರಾದ್ರೂ ಹೊಲಿತಾರಾ?”

“ಗಾಯ ಕೂಡೋ ತನಕ ಹಿಡಿದಿಟ್ಕೊಂಡ್ರೆ ಸಾಕು. ಆಮೇಲೆ ನಿಮ್ಮ ಚರ್ಮಾನೇ ನೋಡ್ಕೊಳ್ಳುತ್ತೆ.”

ದರ್ಜಿಯ ದನಿ ಇಳಿಯಿತು. “ಮತ್ತೆ ಹೊಲಿಬೇಕಾಗುತ್ತಾ?”

“ಒಂದೇ ಹೋಗಿದ್ರೆ ಬೇಡ. ಒಳಗೆ ಬನ್ನಿ, ನೋಡೋಣ. ಮೊದಲು ಆ ಕತ್ತರಿ ಕೊಡಿ.”

ಜೇಬಿನಿಂದ ಹೊರಬಂದ ಪುಟ್ಟ ಕತ್ತರಿ ಟ್ರೇಯಲ್ಲಿ ಟಣ್ ಎಂದಿತು.

“ಒಳಜೇಬಲ್ಲಿ ಇನ್ನೊಂದಿದೆ ಸಿಸ್ಟರ್,” ಎಂದಳು ಹೆಂಡತಿ.

ಮೂವರೂ ಒಳಗೆ ಹೋದರು, ಬಾಗಿಲು ಮುಚ್ಚಿತು. ಬಡಗಿ ಪತ್ರಿಕೆ ಇಳಿಸಿ ಕಿವಿಗೊಟ್ಟ. ತುಸು ಹೊತ್ತಿಗೆ ಒಳಗಿನಿಂದ ಇನ್ನೊಂದು ಟಣ್ ಕೇಳಿಸಿತು.