ಅಪ್ಪಣೆ ಕೇಳದ ಡಬ್ಬಿಗಳು

ಈ ಸಭೆಯನ್ನು ಚೆಂದವಾಗಿ ನಡೆಸಿಕೊಡುತ್ತಿರುವ ಮಾನ್ಯ ಅಧ್ಯಕ್ಷರೇ, ನನ್ನನ್ನು ಬಾಯ್ತುಂಬ ಹೊಗಳಿ ಪೇಚಿಗೆ ಸಿಕ್ಕಿಸಿದ ಮುಖ್ಯ ಅತಿಥಿಗಳೇ, ಪ್ರಯೋಗಾಲಯದ ಗೆಳೆಯರೇ, ಸಭಿಕರೇ,

ಪ್ರಶಸ್ತಿ ಬಂದದ್ದು ಏತಕ್ಕೆ ಎಂದು ನಿಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. ನನ್ನ ಭಾವನಿಗಂತೂ ನಾನು ಇಪ್ಪತ್ತಾರು ವರ್ಷದಿಂದ ರೇಡಿಯೊ ರಿಪೇರಿ ಮಾಡುತ್ತಿದ್ದೇನೆ ಎಂದೇ ನಂಬಿಕೆ. ಆದ್ದರಿಂದ ಬಿಡಿಸಿ ಹೇಳುತ್ತೇನೆ.

ಒಂದು ಕಾರ್ಖಾನೆ. ಅಲ್ಲಿ ಅನಿಲ ಸೋರಿದರೆ ಎಚ್ಚರಿಸಲು ಗೋಡೆಗೋಡೆಗೂ ನಮ್ಮ ಪ್ರಯೋಗಾಲಯ ಕೂರಿಸಿದ ಒಂದೊಂದು ಡಬ್ಬಿ, ಒಟ್ಟು ಮುನ್ನೂರು. ಪ್ರತಿಯೊಂದೂ ಆಗಾಗ, ಅಂಗಳದಲ್ಲಿ ನಿಲ್ಲಿಸಿದ ರೇಡಿಯೊ ಟವರಿಗೆ ಹೇಳಬೇಕಾದದ್ದು ಒಂದೇ ಮಾತು: ‘ಎಲ್ಲ ಸರಿಯಿದೆ.’ ಆದರೆ ಹಾಗೆ ಸುಮ್ಮನೆ ಹೇಳುವಂತಿಲ್ಲ. ಮೊದಲು ‘ಮಾತಾಡಲೇ?’ ಎಂದು ಕೇಳಬೇಕು. ಟವರು ‘ನಿನ್ನ ಸರದಿ ಇಂಥ ಹೊತ್ತಿಗೆ’ ಎನ್ನಬೇಕು. ಆಮೇಲೆ ಮಾತು. ಒಂದು ಮಾತಿಗೆ ಎಷ್ಟು ಪೀಠಿಕೆ ನೋಡಿ! ಭಾಷಣಕಾರರಾದ ನಮ್ಮನ್ನೂ ಮೀರಿಸಿದ ಡಬ್ಬಿಗಳು.

ಪರೀಕ್ಷೆಯ ದಿನ ಕಾರ್ಖಾನೆಯ ಹಿರಿಯರೆಲ್ಲ ಟವರಿಗೆ ಬಂದ ಸುದ್ದಿ ತೋರಿಸುವ ಪರದೆಯ ಮುಂದೆ ನಿಂತಿದ್ದರು. ಒಂದು ಡಬ್ಬಿಯ ಬಳಿ ಹೊಗೆ ಬಿಟ್ಟೆವು. ಡಬ್ಬಿಯ ಕೆಂಪು ದೀಪ ಆ ಕ್ಷಣವೇ ಹೊತ್ತಿತು. ಪರದೆ ಮಾತ್ರ ಹಸಿರಾಗಿಯೇ ಇತ್ತು. ಹತ್ತು ಸೆಕೆಂಡು, ಇಪ್ಪತ್ತು, ನಲವತ್ತು! ಉಳಿದ ಡಬ್ಬಿಗಳೆಲ್ಲ ‘ಸರಿಯಿದೆ’ ಎನ್ನಲು ಒಟ್ಟೊಟ್ಟಿಗೆ ಅಪ್ಪಣೆ ಕೇಳುತ್ತಿದ್ದವು. ಆ ಗದ್ದಲದಲ್ಲಿ ‘ಅಪಾಯ’ ಎನ್ನಬೇಕಾದ ಡಬ್ಬಿ ಸಾಲಿನಲ್ಲಿ ನಿಂತಿತ್ತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ, ಹೊಗೆಯೆಲ್ಲ ಚದುರಿದ ಮೇಲೆ ಪರದೆ ಕೆಂಪಾಯಿತು. ಬಂದವರು ನಮ್ಮ ಮುಖವನ್ನೂ ನೋಡದೆ ಹೊರಟುಹೋದರು.

ಇಲ್ಲಿ ನನ್ನ ಒಂದು ಪದ್ಧತಿಯ ಬಗ್ಗೆ ಹೇಳಬೇಕು. ನನ್ನೊಡನೆ ಮಾತನಾಡಬೇಕಾದವರು ಚೀಟಿ ಬರೆದು ಬಾಗಿಲ ಮೊಳೆಗೆ ಚುಚ್ಚಬೇಕು, ನಾನು ಕರೆದಾಗ ಒಳಗೆ ಬರಬೇಕು. ಶಿಸ್ತು ಎಂದು ಹೆಮ್ಮೆಪಡುತ್ತಿದ್ದೆ. ಅಂದು ಸಂಜೆ ಸಿಟ್ಟಿನಿಂದ ಕೂತಿದ್ದಾಗ ನಮ್ಮ ಪ್ರಯೋಗಾಲಯದ ಎಂಜಿನಿಯರ್ ಮೂಲೆ ಮೇಡಂ ಚೀಟಿಯಿಲ್ಲದೆ ಒಳಗೆ ಬಂದರು. ಕಿಟಕಿಯಿಲ್ಲದ ಮೂಲೆಯಲ್ಲಿ ಅವರ ಮೇಜು, ಅದಕ್ಕೇ ಆ ಹೆಸರು.

“ಸಾರ್, ಹೀಗಾಗುತ್ತೆ ಅಂತ ಹೇಳೋಕೆ ಹನ್ನೊಂದು ಚೀಟಿ ಹಾಕಿದ್ದೆ. ನಮ್ಮ ಟವರ್ ಥೇಟ್ ನಿಮ್ಮ ಬಾಗಿಲ ಹಾಗೇ ಇದೆ,” ಎಂದರು. “ಎಲ್ಲಾ ಡಬ್ಬಿಗೂ ಮೊದಲೇ, ಕ್ಷಣಕ್ಷಣಕ್ಕೂ ಮರಳಿ ಬರೋ ಒಂದೊಂದು ಹೊತ್ತು ಕೊಟ್ಟುಬಿಡಿ. ಯಾರೂ ಕೇಳೋದೇ ಬೇಡ. ಹೇಳೋದೇನೂ ಇಲ್ಲದಿದ್ರೆ ಸುಮ್ಮನಿರಲಿ. ನಿಮಿಷಕ್ಕೊಂದು ಸಲ ‘ಇದ್ದೀನಿ’ ಅಂದ್ರೆ ಸಾಕು.”

ಮೊಳೆಯ ಬಳಿ ಹೋಗಿ ಎಣಿಸಿದೆ. ಹನ್ನೊಂದೂ ಇದ್ದವು. ಎಲ್ಲದರಲ್ಲೂ ಒಂದೇ ಸಾಲು: ‘ಐದು ನಿಮಿಷ ಬೇಕು.’

ಮೂರು ವಾರದಲ್ಲಿ ಅವರು ಹೇಳಿದಂತೆಯೇ ಮಾಡಿದೆವು. ಮತ್ತೆ ಹೊಗೆ ಬಿಟ್ಟಾಗ ಕಣ್ಣು ಮಿಟುಕಿಸುವುದರೊಳಗೆ ಪರದೆ ಕೆಂಪಾಯಿತು. ಮನೆಗೆ ಹೋಗಿ ನನ್ನ ಹೆಂಡತಿಗೆ ಜಂಭದಿಂದ ವಿವರಿಸಿದೆ. ಅವಳು ಪಾತ್ರೆ ಒರೆಸುತ್ತಾ ಹೇಳಿದಳು, “ನಾನೂ ಮದುವೆಯಾದಾಗಿಂದ ‘ಬಿಡುವಿದ್ಯಾ’ ಅಂತ ಕೇಳ್ತಾನೇ ಇದೀನಲ್ರೀ. ಒಂದ್ಸಲ ನನಗೆ ಕೆಲಸಕ್ಕೆ ಕರೆ ಬಂದಿತ್ತು, ನಿಮ್ಮನ್ನ ಕೇಳಿ ಹೇಳೋಣ ಅಂತಿದ್ದೆ. ನಿಮಗೆ ಬಿಡುವಾಗೋ ಹೊತ್ತಿಗೆ ಅವರು ಬೇರೆಯವರನ್ನ ತಗೊಂಡಿದ್ರು.”

ಇದನ್ನು ಇಲ್ಲಿ ಹೇಳಬೇಕೆಂದು ಬರೆದುಕೊಂಡು ಬಂದಿರಲಿಲ್ಲ. ಅವಳು ಎರಡನೆಯ ಸಾಲಿನಲ್ಲಿದ್ದಾಳೆ. ದಯವಿಟ್ಟು ಯಾರೂ ತಿರುಗಿ ನೋಡಬೇಡಿ, ನನಗೇ ನೋಡುವ ಧೈರ್ಯವಿಲ್ಲ. ಅಂದಿನಿಂದ ಸಂಜೆಯ ಕಾಫಿಯ ಹೊತ್ತು ಅವಳದು. ಕೆಲವು ದಿನ ಏನೂ ಹೇಳುವುದಿಲ್ಲ. ಆದರೂ ಆ ಹೊತ್ತು ಅವಳದೇ.

ಸಭಿಕರೇ, ಬರೆದುಕೊಂಡು ಬಂದದ್ದು ಇನ್ನೊಂದಿದೆ. ಪ್ರಶಸ್ತಿಯ ಅರ್ಜಿಯಲ್ಲಿ ಒಂದೇ ಹೆಸರಿಗೆ ಜಾಗವಿತ್ತು, ಹಾಗಾಗಿ ನನ್ನದೊಂದನ್ನೇ ಹಾಕಬೇಕಾಯಿತು ಎಂದು ಇಲ್ಲಿ ಓದಬೇಕಿತ್ತು. ಓದಲಾರೆ. ಅರ್ಜಿಯ ಕೆಳಗೆ ‘ಮತ್ತೊಂದು ಹೆಸರು ಸೇರಿಸಿ’ ಎಂಬ ಗುಂಡಿ ಇತ್ತು. ಕಾಣಲಿಲ್ಲವೇ? ಕಂಡಿತ್ತು. ಬೆರಳು ಅದರ ತನಕ ಹೋಗಿ ಹಿಂದೆ ಬಂತು. ಮುಂದಿನ ತಿಂಗಳು ನಾನು ನಿವೃತ್ತನಾದಾಗ ಪ್ರಯೋಗಾಲಯಕ್ಕೆ ಹೊಸ ಮುಖ್ಯಸ್ಥರನ್ನು ಆರಿಸುತ್ತಾರೆ. ಈ ಕೆಲಸದ ಮೇಲೆ ಹೆಸರಿಲ್ಲದ ಕಾರಣ ಮೂಲೆ ಮೇಡಂ ಆ ಪಟ್ಟಿಯಲ್ಲೇ ಇಲ್ಲ. ಅದು ನನ್ನ ತಪ್ಪು, ನನ್ನೊಬ್ಬನದೇ. ಅದಕ್ಕೆ ನಾಚಿಕೆಯಾಗುತ್ತಿದೆ.

ಅಧ್ಯಕ್ಷರೇ, ಈ ಆಲೋಚನೆ ಅವರದು ಎಂದು ಇಷ್ಟು ಜನರ ಎದುರು ಹೇಳಿದ್ದೇನೆ, ದಾಖಲಿಸಿಕೊಳ್ಳಿ. ಮುಖ್ಯಸ್ಥರ ಪಟ್ಟಿ ನಿಮ್ಮ ಕೈಯಲ್ಲೇ ಇದೆ, ಇನ್ನೂ ಮುಗಿದಿಲ್ಲ, ಅವರ ಹೆಸರು ಸೇರಿಸಿ. ನೀವು ತಲೆಯಾಡಿಸಿದ್ದು ನನಗೆ ಕಂಡಿತು, ಸಭೆಗೂ ಕಂಡಿತು, ಇನ್ನು ಹಿಂದೆ ಸರಿಯುವಂತಿಲ್ಲ!

ನನಗೆ ಕೊಟ್ಟ ಸಮಯದಲ್ಲಿ ಇನ್ನೂ ಐದು ನಿಮಿಷ ಉಳಿದಿದೆ. ಮೇಡಂ, ಕೈ ಎತ್ತಬೇಡಿ, ಯಾರನ್ನೂ ಕೇಳಬೇಡಿ, ಮೇಲೆ ಬನ್ನಿ. ಮೈಕು ಇಲ್ಲಿಟ್ಟಿದ್ದೇನೆ. ನಾನು ಕೆಳಗೆ ಹೋಗಿ ಕೂತು ಕೇಳುತ್ತೇನೆ. ತಾಳ್ಮೆಯಿಂದ ಆಲಿಸಿದ ನಿಮಗೆಲ್ಲ ವಂದನೆಗಳು, ಹನ್ನೊಂದು ಸಲ ಕಾದವರಿಗೆ ಮೊದಲು. ನಮಸ್ಕಾರ.